ಸಿಳ್ಳೆ ಇಲ್ಲದ ದಾರಿ

ವೀರನಹೊಸಹಳ್ಳಿ
18 ನವೆಂಬರ್ 2024

ಕಾವ್ಯಾ,

ಇಲ್ಲಿ ಯಾರೂ ಸತ್ತಿಲ್ಲ. ಅದಕ್ಕಿಂತ ಹೆಚ್ಚಿನ ಕ್ಷೇಮ ಇದ್ದಿದ್ರೆ ಮೊದಲೇ ಬರೀತಿದ್ದೆ. ನಿನ್ನ ಅಜ್ಜಿ ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳು. ಕೊಂಬು ದೀರ್ಘ ತಪ್ಪಿದ್ರೆ ಸರಿ ಮಾಡ್ಕೊಂಡು ಓದ್ಕೊ, ಅಷ್ಟು ಓದಿರೋದು ಯಾತಕ್ಕೆ.

ಈ ಕಾಲದಲ್ಲಿ ಕಾಗದ ಯಾಕೆ ಅಂತೀಯ? ನೀನು ಮನೇಗೆ ಫೋನ್ ಮಾಡಿ ವರ್ಷ ಆಗ್ತಾ ಬಂತು. ನಿಮ್ಮಪ್ಪನ ಮೊಬೈಲಿಗೆ ‘ಚೆನ್ನಾಗಿದೀನಿ’ ಅಂತ ಒಂದು ಗೆರೆ ಹಾಕ್ತೀಯ, ನನ್ನ ಮಗ ನಟರಾಜು ಹಾಲಿನ ಲಾರಿ ಓಡಿಸ್ಕೊಂಡು ವಾರಕ್ಕೊಂದು ದಿನ ಬಂದಾಗ ಅದನ್ನ ನಮಗೆ ತೋರಿಸ್ತಾನೆ. ದೀಪಾವಳಿಗೂ ಬರಲಿಲ್ಲ. ಪುಣೆಯ ಇಲಿಗಳಿಗೆ ಹಬ್ಬದ ರಜ ಇಲ್ವೇನೋ. ದೊಡ್ಡ ಓದು ಓದಿದೋರು, ಬುಡು. ನಿಮ್ಮವ್ವನ ಮೊಬೈಲಂತೂ ಆನೆ ಹೊಡೆದ ದಿನದಿಂದ ಆಫ್ ಆಗಿ ರಾಗಿ ಹಿಟ್ಟಿನ ಡಬ್ಬದ ಹಿಂದೆ ಕೂತದೆ.

ವಿಷಯ ನಿಮ್ಮವ್ವಂದೇ. ಶೋಭನ ಕಾಲು ಕೂಡ್ಕೊಂಡು ಆರು ತಿಂಗಳಾಯ್ತು. ರಾಡು ಹಾಕಿದ ಡಾಕ್ಟ್ರು ‘ಓಡಾಡಮ್ಮ’ ಅಂದವ್ರೆ. ಮನೇಲಿ ಓಡಾಡ್ತಾಳೆ, ಬೀದೀಲಿ ಓಡಾಡ್ತಾಳೆ. ಬೋರ್‌ವೆಲ್ ದಾಟಿ ಕಾಡಿನ ಜನರ ಹಾಡಿ ಕಡೆ ದಾರಿಗೆ ಕಾಲಿಟ್ಟಳೋ, ಅಲ್ಲೇ ಕಲ್ಲಾಗ್ತಾಳೆ. ಮೊನ್ನೆ ಪಕ್ಕದೋರು ಬೇಲಿ ಸವರ್ತಾ ಇದ್ರು, ಕಡಿದ ಲಂಟಾನದ ವಾಸನೆ ಹಿತ್ತಲಿಗೆ ಬಂತು. ಆನೆ ಅವಳನ್ನ ಎತ್ತಿ ಒಗೆದದ್ದು ಲಂಟಾನದ ಮೆಳೆ ಒಳಗೇ ಅಲ್ವ. ಒಲೆ ಮುಂದೆ ಕೂತಿದ್ದೋಳು ಎದ್ದು ಹೋಗಿ ವಾಂತಿ ಮಾಡ್ಕೊಂಡಳು. ಬಂದು ಏನೂ ಆಗ್ದೇ ಇರೋ ಹಂಗೆ ಮುದ್ದೆ ತಿರುವಿದಳು. ನಾನೂ ಏನೂ ನೋಡ್ದೇ ಇರೋ ಹಂಗೆ ಕೂತಿದ್ದೆ.

ಅಂಗನವಾಡಿ ಸೂಪರ್‌ವೈಸರು ರಾಣಿ ಮೇಡಂ ಬಂದಿದ್ರು. ಜನವರಿ ಇಪ್ಪತ್ತೊಂಬತ್ತರೊಳಗೆ ಶೋಭ ಹಾಡಿ ಅಂಗನವಾಡಿಗೆ ಹೋಗಿ ಸೈನು ಹಾಕಬೇಕು, ಇಲ್ಲ ಅಂದ್ರೆ ಬೇರೆಯೋರನ್ನ ತಗೋತಾರಂತೆ. ಆಯಮ್ಮನ ತಪ್ಪಿಲ್ಲ, ವರ್ಷ ಕಾದವ್ರೆ. ಹದಿನಾಲ್ಕು ವರ್ಷ ಒಂದು ದಿನ ತಪ್ಪದೆ ನಡೆದ ದಾರಿ ಕಣೆ ಅದು, ಬರೀ ಒಂದೂವರೆ ಕಿಲೋಮೀಟ್ರು. ಆ ಕೆಲಸ ಹೋದ್ರೆ ಅವಳು ಇನ್ನು ಹೊಸಿಲು ದಾಟಲ್ಲ. ಅವಳು ನನ್ನ ಜೊತೆ ಜಗಳ ಆಡಿ ಹನ್ನೊಂದು ತಿಂಗಳಾಯ್ತು. ಸೊಸೆ ಎದುರು ಮಾತಾಡಲ್ಲ ಅಂದ್ರೆ ಅತ್ತೆಗೆ ಭಯ ಆಗದೆ ಇನ್ನೇನಾಗ್ತದೆ?

ನೀನು ಅಲ್ಲಿ ಇಲಿಗಳ ಹೆದರಿಕೆ ಬಿಡಿಸ್ತೀಯಂತೆ. ನಿಮ್ಮವ್ವಂದು ಬಿಡಿಸೋದು ಹೆಂಗೆ, ಬರಿ.

ನಿನ್ನ ಅಜ್ಜಿ
ದೇವೀರಮ್ಮ


ಪುಣೆ
27 ನವೆಂಬರ್ 2024

ಅಜ್ಜಿ,

ನಿನ್ನ ಕಾಗದ ಮೂರು ಸಲ ಓದಿದೆ. ತಪ್ಪು ಹುಡುಕೋಕಲ್ಲ.

ಮೊದಲೇ ಹೇಳಿಬಿಡ್ತೀನಿ. ನಾನು ಡಾಕ್ಟರ್ ಅಲ್ಲ, ಇಲಿ ನೋಡುವವಳು. ಮೈಸೂರಿನಲ್ಲಿ ಮನಸ್ಸಿನ ಡಾಕ್ಟರ್ ಹತ್ತಿರ ಅವ್ವನನ್ನು ಕರೆದುಕೊಂಡು ಹೋಗು. ನೀನು ಹೋಗಲ್ಲ ಅಂತಲೂ ಗೊತ್ತು, ಅದಕ್ಕೇ ಮುಂದಿನದನ್ನೂ ಬರೀತಿದೀನಿ.

ಒಂದು ಪೆಟ್ಟಿಗೆಯೊಳಗೆ ಇಲಿ ಬಿಡ್ತೀವಿ. ಒಂದು ಸದ್ದು ಬರುತ್ತೆ, ಹಿಂದೆಯೇ ಕಾಲಿಗೆ ಸಣ್ಣ ಕರೆಂಟ್. ಮೂರು ನಾಲ್ಕು ಸಲ ಆದರೆ ಸಾಕು, ಆಮೇಲೆ ಬರೀ ಸದ್ದಿಗೇ ಇಲಿ ಕಲ್ಲಾಗುತ್ತೆ, ನೀನು ಬರೆದ ಹಾಗೇ. ಪೆಟ್ಟು ಬಿದ್ದ ಗಳಿಗೆಯಲ್ಲಿ ಮಿದುಳಿನೊಳಗೆ ಸುರಿಯುವ ರಸಗಳು ಆ ನೆನಪನ್ನು ಗಾರೆ ಮೆತ್ತಿದ ಹಾಗೆ ಗಟ್ಟಿ ಮಾಡಿಬಿಡ್ತವೆ. ಅದನ್ನು ಅಳಿಸೋದು ಕಷ್ಟ. ಆದರೆ ಪಕ್ಕದಲ್ಲಿ ಇನ್ನೊಂದು ನೆನಪು ಕಟ್ಟಬಹುದು. ಮತ್ತೆ ಸದ್ದು ಮಾಡ್ತೀವಿ, ಕರೆಂಟ್ ಕೊಡಲ್ಲ. ಇಲಿ ಪೆಟ್ಟು ಬೀಳುತ್ತೆ ಅಂತ ಕಾಯುತ್ತೆ, ಪೆಟ್ಟು ಬರಲ್ಲ. ಆ ‘ಬರಲಿಲ್ಲ’ ಅನ್ನುವ ಗಳಿಗೆಗೆ ಡೋಪಮಿನ್ ಅನ್ನುವ ರಸ ಜಿನುಗುತ್ತೆ, ಹೆದರಿಕೆ ಕೂತಿರುವ ಜಾಗಕ್ಕೇ. ಮನುಷ್ಯರಲ್ಲಿ ಆ ಜಾಗ ಒಂದು ಬಾದಾಮಿಯಷ್ಟಿದೆ. ‘ಈ ಸಲ ಏನೂ ಆಗಲಿಲ್ಲ, ಬರ್ಕೋ’ ಅಂತ ಹೇಳಿದ ಹಾಗೆ. ದಿನಾ ಹಾಗೆ ಬರ್ಕೊಂಡು ಬರ್ಕೊಂಡು ಇಲಿ ಓಡಾಡೋಕೆ ಶುರು ಮಾಡುತ್ತೆ.

ಅವ್ವನಿಗೂ ಅಷ್ಟೇ. ಮೊದಲ ವಾರ ಬೋರ್‌ವೆಲ್ ತನಕ. ಆಮೇಲೆ ಆನೆ ಕಂದಕದ ಸೇತುವೆ ತನಕ. ಆಮೇಲೆ ಲಂಟಾನದ ತಿರುವು. ಹೆದರಿಕೆ ಬಂದಾಗ ವಾಪಸ್ ಓಡಬಾರದು, ಅದು ಇಳಿಯುವ ತನಕ ಅಲ್ಲೇ ನಿಲ್ಲಬೇಕು. ಮುಖ್ಯವಾದ ಮಾತು: ತಾಯತ, ಕೈ ಹಿಡಿಯೋದು, ಜೊತೆಗೆ ಜನ, ಯಾವ ಊರುಗೋಲೂ ಬೇಡ. ಇದ್ದರೆ ಮನಸ್ಸು ‘ತಾಯತ ಕಾಪಾಡಿತು’ ಅಂತ ಬರ್ಕೊಳ್ಳುತ್ತೆ, ದಾರಿಯ ಹೆದರಿಕೆ ಹಾಗೇ ಉಳಿಯುತ್ತೆ.

ಫೋನ್ ಮಾಡದ್ದಕ್ಕೆ ಬೈಯಬೇಡ. ಕೆಲಸ ಜಾಸ್ತಿ.

ಕಾವ್ಯಾ

ಆನೆ ಹೊಡೆದ ಆ ಬೆಳಿಗ್ಗೆ ಬಗ್ಗೆ ಅವ್ವ ಏನಾದರೂ ಹೇಳಿದಾಳಾ? ಏನೇನು ನೆನಪಿದೆ ಅಂತ?


ವೀರನಹೊಸಹಳ್ಳಿ
6 ಡಿಸೆಂಬರ್ 2024

ಕಾವ್ಯಾ,

ರಸದ ಕತೆ ಓದಿದೆ. ನನ್ನ ತಲೇಲಿ ಇಷ್ಟು ವರ್ಷ ಅಷ್ಟೊಂದು ರಸ ಸುರೀತಿತ್ತು ಅಂತ ಗೊತ್ತಿದ್ರೆ ಸಾರಿಗೆ ಹುಣಸೆಹಣ್ಣು ಕಮ್ಮಿ ಹಾಕ್ತಿದ್ದೆ.

ಒಂದು ಕೇಳ್ತೀನಿ, ಹೇಳು. ನಿನ್ನ ಪೆಟ್ಟಿಗೇಲಿ ಕರೆಂಟು ನಿಲ್ಲಿಸೋಳು ನೀನು. ಇಲ್ಲಿ ಆನೇನ ನಿಲ್ಲಿಸೋರು ಯಾರು? ಹೋದ ವಾರ ಮೂರು ಆನೆ ಕಂದಕದ ಮಣ್ಣು ಬೀಳಿಸ್ಕೊಂಡು ಈಚೆ ಬಂದು ನಂಜಣ್ಣನ ರಾಗಿ ಮೆದೆ ಎಳೆದಾಡಿ ಹೋದ್ವು. ‘ಏನೂ ಆಗಲ್ಲ ನಡಿಯವ್ವ’ ಅಂತ ಸೊಸೇನ ಕಳಿಸಿ, ಏನಾದ್ರೂ ಆದ್ರೆ? ಅದಕ್ಕೆ ನಾನು ಮಾಡಬೇಕಾದ್ದನ್ನ ಮಾಡಿದೀನಿ. ಅದು ನಿನಗೆ ಬೇಡ.

ಶೋಭಂಗೆ ಕಾಗದ ಓದಿ ಹೇಳಿದೆ. ನಕ್ಕಳು. ‘ನನ್ನೂ ಇಲಿ ಮಾಡಿಬಿಟ್ಟಳಲ್ಲ ನಿಮ್ಮ ಮೊಮ್ಮಗಳು’ ಅಂದಳು. ನಕ್ಕಿದ್ದೇ ನನಗೆ ಸಾಕಾಗಿತ್ತು. ಬೋರ್‌ವೆಲ್ ತನಕ ಐದು ದಿನ ಹೋದಳು. ಮೊದಲನೇ ದಿನ ಸೀರೆ ಸೆರಗು ಬಾಯಿಗೆ ಕಚ್ಕೊಂಡು ನಿಂತಿದ್ದಳು. ಐದನೇ ದಿನ ಅಲ್ಲೇ ಬಿಂದಿಗೆ ತೊಳೆದಳು. ಇವತ್ತು ಸೇತುವೆ ಮುಟ್ಟಿ ಬಂದವಳೆ. ಒಬ್ಬಳೇ.

ಆ ಬೆಳಿಗ್ಗೆ ಬಗ್ಗೆ ಏನೂ ಹೇಳಿಲ್ಲ. ಮಂಜಿತ್ತು, ಆನೆ ಬಂತು, ಅಷ್ಟೇ. ನೀನ್ಯಾಕೆ ಅದನ್ನ ಕೆದಕ್ತೀಯ? ದೂರ ಕೂತ್ಕೊಂಡು ಗಾಯದ ಅಳತೆ ಕೇಳಬೇಡ. ನೋಡಬೇಕು ಅಂದ್ರೆ ಬಂದು ನೋಡು.

ಅಜ್ಜಿ


ಪುಣೆ
14 ಡಿಸೆಂಬರ್ 2024

ಅಜ್ಜಿ,

ಸೇತುವೆ ತನಕ ಹೋದಳು ಅಂತ ಓದಿ ಲ್ಯಾಬಿನ ಗೆಳತಿ ಹರ್ಷಿತಾಗೆ ಹೇಳಿದೆ. ಅವಳು ಕೊಡಗಿನ ಕಡೆಯವಳು, ಆನೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಲಿಲ್ಲ.

‘ಮಾಡಬೇಕಾದ್ದನ್ನ ಮಾಡಿದೀನಿ’ ಅಂದರೆ ಏನು ಮಾಡಿದ್ದೀಯ? ನನಗೆ ಅದು ಬೇಕು. ನೀನು ‘ಒಬ್ಬಳೇ’ ಅಂತ ಬರೆದಿರೋ ಪದದ ಮೇಲೆ ಪೆನ್ನು ಎರಡು ಸಲ ಓಡಿದೆ. ತಾಯತ ಕಟ್ಟಿಸಿದ್ದೀಯಾ? ಮಾದಪ್ಪನ ಹರಕೆಯಾ? ಹರಕೆ ಆದರೆ ಪರವಾಗಿಲ್ಲ, ಅವ್ವನಿಗೆ ಗೊತ್ತಾಗದಿದ್ದರೆ ಸಾಕು.

ಬರೋಕೆ ಆಗ್ತಾ ಇಲ್ಲ. ಕೇಳಬೇಡ.

ಕಾವ್ಯಾ


ವೀರನಹೊಸಹಳ್ಳಿ
23 ಡಿಸೆಂಬರ್ 2024

ಕಾವ್ಯಾ,

ತಾಯತ ಇಲ್ಲ, ಹರಕೆ ಇಲ್ಲ. ಪೆನ್ನು ಹಳೇದು, ಅದಕ್ಕೆ ಎರಡು ಸಲ ಓಡಿದೆ.

ನಿಮ್ಮವ್ವ ಲಂಟಾನದ ತಿರುವು ದಾಟಿದಳು. ಶುಕ್ರವಾರ ಹಾಡಿ ಬಾಗಿಲಿಗೇ ಹೋಗಿ, ಅಲ್ಲಿನ ಕುಳ್ಳಿ ಮನೇಲಿ ನೀರು ಕುಡ್ಕೊಂಡು ವಾಪಸ್ ಬಂದಳು. ಬಂದ ಮೇಲೆ ಏನು ಮಾಡಿದಳು ಗೊತ್ತ? ‘ಸಾರಿಗೆ ಉಪ್ಪು ಹಾಕಿದೋರು ಯಾರು, ಸಮುದ್ರ ಇಲ್ಲೇ ತಂದು ಸುರಿದಂಗಿದೆ’ ಅಂದಳು. ಹಾಕಿದೋಳು ನಾನೇ ಅಂತ ಗೊತ್ತಿದ್ದೂ ಅಂದಳು. ನಾನೂ ಬಿಡಲಿಲ್ಲ, ಅವಳ ತೌರುಮನೇವರೆಗೂ ಹೋಗಿ ಬಂದೆ. ವರ್ಷದಿಂದ ಒಂದು ಒಳ್ಳೆ ಜಗಳ ಇರಲಿಲ್ಲ ಮನೇಲಿ.

ಜನವರಿ ಒಂದಕ್ಕೇ ಹಾಜರಾಗ್ತಾಳೆ. ರಾಣಿ ಮೇಡಂಗೆ ಹೇಳಿ ಕಳಿಸಿದೀನಿ. ನಿನ್ನ ಇಲಿ ವಿದ್ಯೆಗೆ ನೂರಕ್ಕೆ ಐವತ್ತು ಮಾರ್ಕು. ಮಿಕ್ಕಿದ್ದು ನನ್ನದು.

ಅಜ್ಜಿ


ಪುಣೆ
5 ಜನವರಿ 2025

ಅಜ್ಜಿ,

ಒಂದನೇ ತಾರೀಖು ಹೋದಳಾ? ಅಪ್ಪನಿಗೆ ಮೆಸೇಜ್ ಹಾಕಿದರೆ ‘ಅಜ್ಜಿ ಬರೀತಾರೆ’ ಅಂತ ಮಾತ್ರ ಬರುತ್ತೆ. ಏನಾಗಿದ್ದರೂ ಬರಿ. ಇದೇ ಕಾಗದದ ಹಿಂದೆ ಒಂದು ಸಾಲು ಗೀಚಿ ಕಳಿಸು.

ಕಾವ್ಯಾ


ವೀರನಹೊಸಹಳ್ಳಿ
9 ಜನವರಿ 2025

ಕಾವ್ಯಾ,

ಕೈ ಓಡ್ತಿರಲಿಲ್ಲ, ಅದಕ್ಕೆ ಬರೀಲಿಲ್ಲ. ಮೊದಲು ನನ್ನ ತಪ್ಪು ಹೇಳ್ತೀನಿ, ಆಮೇಲೆ ಬೈಯುವಂತೆ.

ಹಾಡಿಯ ಮುತ್ತ ಗೊತ್ತಲ್ಲ, ಫಾರೆಸ್ಟ್‌ನಲ್ಲಿ ಆನೆ ಕಾಯೋ ವಾಚರು. ಶುರುವಿಗೇ ನಾನು ಅವನ ಮನೇಗೆ ಹೋಗಿ ಕೇಳ್ಕೊಂಡಿದ್ದೆ. ಬೆಳಿಗ್ಗೆ ಹಾಡಿಯಿಂದ ಕಂದಕದ ತನಕ ದಾರಿ ನೋಡಿ, ಆನೆ ಇಲ್ಲ ಅಂದ್ರೆ ಎರಡು ಸಿಳ್ಳೆ ಹಾಕಪ್ಪ ಅಂತ. ವಾಚರುಗಳು ಒಬ್ಬರಿಗೊಬ್ಬರು ಹಾಕೋ ಸಿಳ್ಳೆ ಅದು. ‘ಅಷ್ಟೇನಾ ಅವ್ವೋ, ಆಕ್ತೀನಿ ಬುಡಿ’ ಅಂದ. ಹಾಡಿಗೆ ಹದಿನಾಲ್ಕು ವರ್ಷ ದುಡಿದವಳು ಅಂತ ಒಂದು ದಿನ ತಪ್ಪಿಸಲಿಲ್ಲ. ಶೋಭ ಬೋರ್‌ವೆಲ್ ಹತ್ರ ನಿಂತು ಕಿವಿ ಕೊಡ್ತಿದ್ದಳು. ಸಿಳ್ಳೆ ಕೇಳಿದ ಮೇಲೇ ಕಾಲು ಎತ್ತುತ್ತಿದ್ದಳು. ನೂರು ಮಾರು ಹಿಂದೆ ನಾನು. ಇದು ನಿನಗೆ ಬರೆದ ‘ಒಬ್ಬಳೇ’.

ಒಂದನೇ ತಾರೀಖು ಮುತ್ತನ್ನ ಕಾಡಿಗೆ ಬೆಂಕಿ ಹಬ್ಬದಂಗೆ ಬೆಂಕಿ ರೇಖೆ ಸವರೋಕೆ ಅಂತ ಬೇರೆ ಕಡೆ ಕಳಿಸಿದ್ರು. ನಮಗೆ ಗೊತ್ತಿಲ್ಲ. ಇವಳು ಒಗೆದ ಸೀರೆ ಉಟ್ಕೊಂಡು, ಹಾಜರಿ ಪುಸ್ತಕ ಬ್ಯಾಗಿಗೆ ಹಾಕ್ಕೊಂಡು ಬೋರ್‌ವೆಲ್ ಹತ್ರ ನಿಂತಳು. ಐದು ನಿಮಿಷ. ಹತ್ತು ನಿಮಿಷ. ಸಿಳ್ಳೆ ಇಲ್ಲ. ತಿರುಗಿ ನನ್ನ ಮುಖ ನೋಡಿದಳು. ‘ಇಷ್ಟು ದಿನ ಹೋಗಿಲ್ವೇನೇ, ನಡಿ’ ಅಂತ ಕೂಗಿದೆ. ಕೂಗಬಾರದಿತ್ತು.

ಹೋದಳು. ಸೇತುವೆ ದಾಟಿದಳು. ಲಂಟಾನದ ತಿರುವಲ್ಲಿ ಕುಸಿದು ಕೂತಳು. ನಾನು ಓಡಿದೆ, ಈ ಮಂಡಿ ಇಟ್ಕೊಂಡು. ಅಲ್ಲಿ ಏನೂ ಇಲ್ಲ ಕಣೆ. ಒಂದು ನವಿಲೂ ಇಲ್ಲ. ಎರಡು ಕಿವೀನೂ ಬಿಗಿಯಾಗಿ ಮುಚ್ಕೊಂಡು ‘ಆಫ್ ಮಾಡಿ ಅತ್ತೆ, ಆಫ್ ಮಾಡಿ’ ಅಂತಾಳೆ. ಏನನ್ನ ಆಫ್ ಮಾಡ್ಲಿ? ಮೈ ತಣ್ಣಗೆ. ಹತ್ತು ಗಂಟೆ ತನಕ ಅವಳನ್ನ ತಬ್ಕೊಂಡು ದಾರಿ ಮಧ್ಯೆ ಕೂತಿದ್ದೆ. ಆಮೇಲೆ ನಂಜಣ್ಣನ ಗಾಡಿ ಬಂತು.

ಈಗ ಬೀದಿಗೂ ಇಳಿಯಲ್ಲ. ಮಾತಿಲ್ಲ, ಜಗಳ ಇಲ್ಲ. ಇಪ್ಪತ್ತು ದಿನ ಉಳಿದದೆ.

ಆಫ್ ಮಾಡಿ ಅಂದದ್ದು ನನ್ನ ತಲೇಲೇ ಸುತ್ತುತ್ತಾ ಇತ್ತು. ಆಮೇಲೆ ಹೊಳೀತು. ಆ ದಿನ ಮಂಜಲ್ಲಿ ಇವಳು ಮೆಳೆಯೊಳಗೆ ಉಸಿರು ಹಿಡಿದು ನಿಂತಿರಬೇಕು, ಆನೆ ನೋಡದೆ ಹೋಗ್ತಿತ್ತೋ ಏನೋ. ಅಷ್ಟರಲ್ಲಿ ಮೊಬೈಲು ಬಡ್ಕೊಂಡಿದೆ. ಆ ಹೊತ್ತಿಗೆ ಫೋನ್ ಮಾಡಿದ ಪುಣ್ಯಾತ್ಮ ಯಾರು ಅಂತ ಗೊತ್ತಾಗಲಿ, ಅವರ ಮನೆ ಬಾಗಿಲಿಗೇ ಹೋಗಿ ಕೇಳಿ ಬತ್ತೀನಿ.

ಅಜ್ಜಿ


ಪುಣೆ
16 ಜನವರಿ 2025

ಅಜ್ಜಿ,

ಬಾಗಿಲು ಹುಡುಕೋದು ಬೇಡ. ಫೋನ್ ಮಾಡಿದವಳು ನಾನು.

ಬೆಳಿಗ್ಗೆ ಎಂಟು ನಲವತ್ತೆರಡು. ಹಿಂದಿನ ದಿನ ನನ್ನ ಇಲಿಯೊಂದು ಮೊದಲ ಸಲ ಸದ್ದು ಕೇಳಿಯೂ ನಿಲ್ಲದೆ ಪೆಟ್ಟಿಗೆ ತುಂಬ ಓಡಾಡಿತ್ತು. ಅವ್ವನಿಗೆ ಹೇಳಬೇಕು ಅನ್ನಿಸಿತು. ಪೂರ್ತಿ ರಿಂಗ್ ಆಯ್ತು, ಎತ್ತಲಿಲ್ಲ. ಅಂಗನವಾಡಿಗೆ ನಡೀತಿರಬೇಕು ಅಂದುಕೊಂಡು ಇನ್ನೊಂದು ಸಲ ಮಾಡಿದೆ. ಸಂಜೆ ಅಪ್ಪ ಆಸ್ಪತ್ರೆಯಿಂದ ಫೋನ್ ಮಾಡಿ ಆನೆ ಹೊಡೆದ ಹೊತ್ತು ಹೇಳಿದರು. ಆವತ್ತಿಂದ ಆ ನಂಬರ್ ನೋಡಿದರೆ ಮೊಬೈಲ್ ಮಗುಚಿ ಇಟ್ಟುಬಿಡ್ತೀನಿ. ಆಸ್ಪತ್ರೆಗೆ ಬಂದು ಮೂರು ದಿನ ಇದ್ದೆನಲ್ಲ, ಅವ್ವನ ಕಣ್ಣು ನೋಡೋಕೆ ಆಗಲಿಲ್ಲ, ಅದಕ್ಕೇ ಓಡಿಬಂದೆ. ಹೆದರಿಕೆ ಬಿಡಿಸುವುದು ಹೇಗೆ ಅಂತ ನಿನಗೆ ಪುಟಗಟ್ಟಲೆ ಬರೆದವಳು ಒಂದು ವರ್ಷದಿಂದ ಊರಿನ ದಾರಿಗೆ ಕಾಲಿಟ್ಟಿಲ್ಲ.

ಸಿಳ್ಳೆ ವಿಷಯಕ್ಕೆ ಬೈಯಲ್ಲ. ಆದರೆ ಆದದ್ದು ಇದು. ಸಿಳ್ಳೆ ಕೇಳಿದ ಮೇಲೆ ಅವ್ವ ಪೆಟ್ಟು ಬೀಳುತ್ತೆ ಅಂತ ಕಾಯಲೇ ಇಲ್ಲ. ಕಾಯದವರಿಗೆ ‘ಬರಲಿಲ್ಲ’ ಅನ್ನುವ ಗಳಿಗೆಯೂ ಇಲ್ಲ, ಹೊಸದಾಗಿ ಬರ್ಕೊಳ್ಳೋಕೆ ಏನೂ ಇಲ್ಲ. ಸಿಳ್ಳೆ ಇದ್ದರೆ ಬದುಕ್ತೀನಿ ಅಂತ ಕಲಿತಳು. ಸಿಳ್ಳೆ ಇಲ್ಲದ ದಿನ ಹಳೇದು ಇದ್ದ ಹಾಗೇ ಎದ್ದು ಬಂತು.

ನನ್ನದೂ ತಪ್ಪಿದೆ. ಆನೇನ ನಿಲ್ಲಿಸೋರು ಯಾರು ಅಂತ ನೀನು ಕೇಳಿದ್ದೆ, ನಾನು ಉತ್ತರ ಕೊಡದೆ ಜಾರಿಕೊಂಡೆ. ಯಾರೂ ಇಲ್ಲ. ನಿಮ್ಮ ದಾರಿ ನನ್ನ ಪೆಟ್ಟಿಗೆ ಅಲ್ಲ. ಅವ್ವನಿಗೆ ಆನೆಯ ಹೆದರಿಕೆ ಇರಬೇಕು. ಲಂಟಾನದ್ದು, ತಿರುವಿನದ್ದು, ಮಂಜಿನದ್ದು ಹೋಗಬೇಕು. ಅದನ್ನು ಬೇರೆ ಮಾಡೋದು ನನಗೆ ಬರಲ್ಲ. ಮುತ್ತನಿಗೆ ಬರಬಹುದು.

ಒಳಗೆ ಅಂಟಿಸಿ ಮುಚ್ಚಿದ ಇನ್ನೊಂದು ಕಾಗದ ಇದೆ, ಅವ್ವನಿಗೆ. ಫೋನ್ ಮಾಡಿದ್ದು ನಾನು ಅಂತ ಬರೆದಿದ್ದೀನಿ. ಈಗ ಕೊಟ್ಟರೆ ಇನ್ನೂ ಕುಸೀತಾಳೋ, ಗೊತ್ತಿಲ್ಲ. ಕೊಡೋದು ಬಿಡೋದು ನಿನ್ನ ಕೈಲಿದೆ.

ಕಾವ್ಯಾ


ವೀರನಹೊಸಹಳ್ಳಿ
30 ಜನವರಿ 2025

ಕಾವ್ಯಾ,

ನಿನ್ನ ಕಾಗದ ಇಪ್ಪತ್ತೊಂದಕ್ಕೆ ಬಂತು. ಓದಿ ನಿನ್ನನ್ನ ಏನೇನು ಬೈದೆ ಅಂತ ಬರೆಯಲ್ಲ, ಪೋಸ್ಟ್‌ಮ್ಯಾನ್ ಮಹದೇವಯ್ಯ ಒಳ್ಳೆಯೋರು, ಅವರ ಚೀಲ ಮೈಲಿಗೆ ಆಗ್ತದೆ. ಬೈದು ಸಾಕಾದ ಮೇಲೆ ಅತ್ತುಬಿಟ್ಟೆ. ಅಂಟಿಸಿದ ಕಾಗದ ಎರಡು ದಿನ ದಿಂಬಿನ ಕೆಳಗೆ ಇಟ್ಕೊಂಡಿದ್ದೆ. ಎಂಟು ದಿನ ಉಳಿದಿತ್ತು. ಕೊಟ್ರೆ ಮುಳುಗ್ತಾಳೆ ಅಂತ ಒಂದು ಮನಸ್ಸು. ಬಚ್ಚಿಟ್ಟು ಬಚ್ಚಿಟ್ಟೇ ಇಲ್ಲಿಗೆ ಬಂದಿದೀವಲ್ಲ ಅಂತ ಇನ್ನೊಂದು. ಮೂರನೇ ದಿನ ಅವಳು ಅವರೆಕಾಯಿ ಸುಲೀತಾ ಕೂತಿದ್ದಾಗ ಮಡಿಲಿಗೆ ಹಾಕಿದೆ.

ಓದಿದಳು. ಮಡಿಸಿದಳು. ಇನ್ನೂ ನಾಕು ಕಾಯಿ ಸುಲಿದಳು. ಆಮೇಲೆ ಅಂದಳು, ‘ನಂಗೆ ಗೊತ್ತಿತ್ತು ಅತ್ತೆ. ಮೊಬೈಲು ಸೊಂಟದಿಂದ ತೆಗೆದು ನಿಲ್ಲಿಸೋಕೆ ಹೋದಾಗ ಹೆಸರು ಕಾಣಿಸ್ತು. ಅವಳಿಗೆ ತಿಳಿದ್ರೆ ಓದು ಬಿಟ್ಟು ಬಂದು ನನ್ನ ಕಾಲ ಹತ್ರ ಕೂತ್ಕೋತಾಳೆ ಅಂತ ಬಾಯಿ ಬಿಡಲಿಲ್ಲ. ಮೊಬೈಲೂ ಅದಕ್ಕೇ ತೆಗೆದಿಟ್ಟೆ. ಅವಳ ಧ್ವನಿ ಕೇಳಿದ್ರೆ ನನ್ನ ಬಾಯಿಂದ ಬಂದುಬಿಡ್ತಿತ್ತು.’

ನೀನು ಬಾಯಿ ಮುಚ್ಕೊಂಡೆ, ಅವಳು ಮುಚ್ಕೊಂಡಳು. ಊರೆಲ್ಲ ಬಾಯಿ ಬಿಟ್ಕೊಂಡು ತಿರುಗಿದೋಳು ನಾನೊಬ್ಬಳು. ಮೊಬೈಲಿನ ವಿಷಯ ನಿಮ್ಮಿಬ್ಬರದ್ದು. ಅದರ ಮಧ್ಯೆ ನಾನು ಬರಲ್ಲ.

ಮಾರನೇ ದಿನ ಅವಳೇ ಮುತ್ತನ್ನ ಕರೆಸಿದಳು. ‘ಸಿಳ್ಳೆ ಬೇಡ ಮುತ್ತಣ್ಣ. ನೀನು ಏನು ನೋಡಿ ಸಿಳ್ಳೆ ಹಾಕ್ತೀಯೋ ಅದನ್ನ ತೋರಿಸು’ ಅಂದಳು. ನಾಲ್ಕು ದಿನ ಜೊತೇಲಿ ಹೋದ. ಲದ್ದಿಗೆ ಕೈ ಇಟ್ಟು ಬಿಸಿ ನೋಡೋದು, ಮುರಿದ ಕೊಂಬೆ ರಸ ಆರಿದೆಯೋ ಇಲ್ವೋ, ಹೆಜ್ಜೆ ಅಂಚು ಕುಸಿದಿದೆಯೋ. ಲಂಟಾನದ ಹತ್ರ ಇವಳು ನಿಂತುಬಿಟ್ಟಾಗ ಅವನು ಕರೀಲೂ ಇಲ್ಲ, ಕೈ ಹಿಡೀಲೂ ಇಲ್ಲ. ಬೀಡಿ ಹಚ್ಕೊಂಡು ಕೂತ್ಕೊಂಡ. ‘ಇದು ಗಿಡ ಅಕ್ಕೋ. ಆನೆ ವಾಸ್ನೆ ಬ್ಯಾರೆ. ಬಂದಾಗ ನಿಂಗೇ ಗೊತ್ತಾಯ್ತದೆ’ ಅಂದನಂತೆ.

ಇಪ್ಪತ್ತೆಂಟಕ್ಕೆ ಒಬ್ಬಳೇ ಹೊರಟಳು. ಈ ಸಲ ನಿಜವಾದ ಒಬ್ಬಳೇ. ಅರ್ಧ ಗಂಟೇಲಿ ತಿರುಗಿ ಬಂದಳು, ‘ಬಿದಿರ ಹತ್ರ ಬಿಸಿ ಲದ್ದಿ ಇದೆ ಅತ್ತೆ, ಇವತ್ತು ಆಗಲ್ಲ’ ಅಂತ. ನನ್ನ ನಾಲಗೆ ಗೊತ್ತಲ್ಲ ನಿನಗೆ. ಲದ್ದಿ ನೆಪ ಮಾಡಿ ಕೆಲಸ ಕಳ್ಕೊ, ನಾಳೆ ಒಂದೇ ದಿನ ಇರೋದು ಅಂದೆ. ಇನ್ನೂ ಅಂದೆ. ಅವಳು ಎಲ್ಲಾ ನಿಂತು ಕೇಳಿ, ಹೋಗಿ ಒಲೆ ಹಚ್ಚಿದಳು. ಮಧ್ಯಾಹ್ನ ಮುತ್ತ ಬಂದು ಹೇಳಿದ, ಒಂಟಿ ಸಲಗ ಎಂಟರಿಂದ ಹತ್ತರ ತನಕ ಬಿದಿರ ಮೆಳೆತಾವೇ ನಿಂತಿತ್ತು, ‘ನಾನಾಗಿದ್ರೂ ತಿರುಗ್ತಿದ್ದೆ ಅವ್ವೋ’ ಅಂತ. ಸೊಸೆ ಮುಂದೆ ನಾನು ತಲೆ ತಗ್ಗಿಸಿದ್ದು ಅದೇ ಮೊದಲು. ಅವಳು ಊಟ ಬಡಿಸಿದಳು ಅಷ್ಟೇ.

ನೆನ್ನೆ ಇಪ್ಪತ್ತೊಂಬತ್ತು. ಮಂಜು. ಎಂಟಕ್ಕೆ ಹೊರಟಳು. ನಾನು ಚಪ್ಪಲಿ ಮೆಟ್ಟಿ ಬೋರ್‌ವೆಲ್ ತನಕ ಹೋದೆ. ಅವಳು ತಿರುಗಿ ನೋಡಿದಳು. ‘ಅತ್ತೆ, ನೀವು ಹಿಂದೆ ಇದ್ರೆ ನನಗೆ ನಿಮ್ಮ ಹೆಜ್ಜೆ ಕೇಳ್ತದೆ, ಕಾಡು ಕೇಳಲ್ಲ. ಮನೇಗೆ ಹೋಗಿ.’ ಬೈಯೋ ಧ್ವನಿ ಅಲ್ಲ. ಅದಕ್ಕೇ ಎದುರು ಹೇಳೋಕೆ ಆಗಲಿಲ್ಲ. ತಿರುವಲ್ಲಿ ತಾನೇ ಒಂದು ಲಂಟಾನದ ಕುಡಿ ಮುರಿದು ಮೂಸಿದಳಂತೆ. ವಾಂತಿ ಆಯ್ತಂತೆ. ಬಾಯಿ ಒರೆಸ್ಕೊಂಡು ಮುಂದೆ ನಡೆದಳಂತೆ. ಒಂಬತ್ತು ಹತ್ತಕ್ಕೆ ಸೈನು ಹಾಕಿದಾಳೆ. ರಾಣಿ ಮೇಡಂ ಅಲ್ಲೇ ಇದ್ದರು.

ಇದೆಲ್ಲ ನನಗೆ ಗೊತ್ತಾದದ್ದು ಮಧ್ಯಾಹ್ನ ಎರಡಕ್ಕೆ, ಅವಳು ಬಂದ ಮೇಲೆ. ಅಲ್ಲಿ ತನಕ ನಾನು ಹೆಂಗಿದ್ದೆ ಅಂತ ಯಾರೂ ಕೇಳಲಿಲ್ಲ. ನಾಲ್ಕು ಸಲ ಬೋರ್‌ವೆಲ್‌ಗೆ ಹೋಗಿ ಬಂದೆ. ಸಿಳ್ಳೆ ಬರ್ತದೇನೋ ಅಂತ ಕಿವಿ ಕೊಟ್ಕೊಂಡು ನಿಂತೆ. ಮುತ್ತನ ಸಿಳ್ಳೆ ಯಾರಿಗೆ ಬೇಕಾಗಿತ್ತು ಅಂತ ಆವಾಗ ಗೊತ್ತಾಯ್ತು.

ನಿನ್ನ ಇಲಿಗಳಲ್ಲಿ ಮುದಿ ಇಲಿ ಇದ್ದಾವ? ಅವೂ ಕಲೀತವ?

ಇವತ್ತು ಎಂಟಕ್ಕೆ ಹೋದಳು. ಜಗಲಿ ಮೇಲಿಂದ ಎದ್ದೆ. ಎದ್ದು ಚಪ್ಪಲಿಗೆ ಕಾಲು ಹಾಕಿದೆ. ತೆಗೆದೆ. ಮತ್ತೆ ಕೂತೆ. ಓಡಬಾರದು, ಹೆದರಿಕೆ ಇಳಿಯೋ ತನಕ ಅಲ್ಲೇ ಇರಬೇಕು ಅಂತ ಬರೆದಿದ್ದೆಯಲ್ಲ, ಅದಕ್ಕೆ ಪೆನ್ನು ತಗೊಂಡೆ. ಈಗ ಹತ್ತೂ ಕಾಲು. ಇನ್ನೂ ಇಳಿದಿಲ್ಲ. ಕೂತೇ ಇದೀನಿ.

ಅಜ್ಜಿ